ಹಾಡುಗಾರ್ತಿಯ ಮಾಯದ ಸಾಮಾನು

ಮೊನ್ನೆ ಭಾನುವಾರ ಬೆಳಿಗ್ಗೆ ಗೀತಕ್ಕನ ಮಗಳು ಫೋನ್ ಮಾಡಿದ್ದಳು. ಗೀತಕ್ಕ ನನ್ನ ದೊಡ್ಡಪ್ಪನ ಮಗಳು, ನನಗಿಂತ ಸ್ವಲ್ಪ ದೊಡ್ಡವಳು. ಅವಳ ಮಗಳು ಮೈಸೂರಿನಲ್ಲಿ ಕಾಲೇಜು ಓದುತ್ತಾಳೆ, ಅಥವಾ ಹಾಗೆಂದು ನಾವೆಲ್ಲ ನಂಬಿದ್ದೇವೆ. ವಾರದ ಕೊನೆ ಬಂತೆಂದರೆ ಗೆಳತಿಯರನ್ನು ಕಟ್ಟಿಕೊಂಡು ಮೇಜಿನ ಸುತ್ತ ಕೂತು ಕತೆಯಾಟ ಆಡುತ್ತಾಳೆ. ಒಬ್ಬರು ಕತೆ ನಡೆಸುವುದು, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ಹೊಕ್ಕು ಕಾಡು, ಗವಿ, ಕೋಟೆ ಎಂದು ಅಲೆಯುವುದು, ಸಿಕ್ಕಿಬಿದ್ದಾಗ ದಾಳ ಹಾಕಿ ಬದುಕಿದೆವೋ ಸತ್ತೆವೋ ನೋಡುವುದು. ಅವಳಿಗೆ ನನ್ನಿಂದ ಒಂದು ಸಲಹೆ ಬೇಕಾಗಿತ್ತು.

“ಚಿಕ್ಕಮ್ಮಾ, ಈ ಸಲ ನಾನು ಬಾರ್ಡ್. ಹಾಡ್ಕೊಂಡು ಊರೂರು ಸುತ್ತೋ ಕ್ಯಾರೆಕ್ಟರ್. ಮೂರು ಮ್ಯಾಜಿಕ್ ಐಟಂ ಆರಿಸ್ಕೋಬೇಕು. ಅಮ್ಮನ್ನ ಕೇಳಿದ್ರೆ ನಿನ್ನ ಕೇಳು ಅಂತಾಳೆ.”

“ಮೊದಲು ಚೀಲ ತಗೋ.”

“ಚೀಲಾನಾ? ಬೆಂಕಿ ಉರಿಯೋ ಕತ್ತಿ ಇದೆ ಚಿಕ್ಕಮ್ಮ!”

ಕತ್ತಿ ಬಿಟ್ಟು ಚೀಲ ಯಾಕೆ ಎಂದು ಹೇಳಬೇಕಾದರೆ ನಾನು ಒಂದು ಇಡೀ ಮನೆಯ ಕತೆ ಹೇಳಬೇಕಾಗಿತ್ತು. ಅವಳಿಗೆ ಅಷ್ಟು ಪುರುಸೊತ್ತಿರಲಿಲ್ಲ. ನನಗಿದೆ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಂಜನಗೂಡಿನಲ್ಲಿ ಹೊಳೆಗೆ ಇಳಿಯುವ ಒಂದು ಬೀದಿಯಲ್ಲಿ ನಮ್ಮ ಮನೆ ಇತ್ತು. ನಡುವೆ ತೊಟ್ಟಿ, ಸುತ್ತ ಪಡಸಾಲೆ, ಒಂದು ಮೂಲೆಗೆ ದೇವರ ಕೋಣೆ, ಅದರ ಎದುರು ಮೂಲೆಗೆ ಅಡುಗೆಮನೆ, ಹಿತ್ತಿಲಲ್ಲಿ ಬಾಳೆ, ಬೀದಿಗೆ ಜಗಲಿ. ದೊಡ್ಡಪ್ಪ, ಅಪ್ಪ ಇಬ್ಬರೇ ಅಣ್ಣತಮ್ಮಂದಿರು. ಹುಲ್ಲಹಳ್ಳಿ ಕಡೆ ನಾಲೆ ನೀರಿನ ಗದ್ದೆ ಇತ್ತು, ಅದನ್ನು ದೊಡ್ಡಪ್ಪ ನೋಡಿಕೊಳ್ಳುತ್ತಿದ್ದ. ಅಪ್ಪ ಟಿ. ನರಸೀಪುರದ ಒಂದು ಸರ್ಕಾರಿ ಆಫೀಸಿನಲ್ಲಿ ಗುಮಾಸ್ತ. ಇಬ್ಬರೂ ಬೆಳಿಗ್ಗೆ ಒಂದೇ ಹೊತ್ತಿಗೆ ಹೊರಡುವವರು. ಅಪ್ಪನಿಗೆ ಬಸ್ಸು ಹಿಡಿಯುವ ಮುನ್ನ ಡಬ್ಬಿಗೆ ಚಿತ್ರಾನ್ನವೋ ಉಪ್ಪಿಟ್ಟೋ ಆಗಬೇಕು, ದೊಡ್ಡಪ್ಪನಿಗೆ ಗದ್ದೆಗೆ ಹೋಗುವ ಮುನ್ನ ಬಿಸಿ ಮುದ್ದೆ, ಉಪ್ಸಾರು ಆಗಬೇಕು. ಗ್ಯಾಸು ಬಂದಿದ್ದರೂ ಮುದ್ದೆ ಸೌದೆ ಒಲೆಯದೇ ಆಗಬೇಕು ಎಂಬುದು ದೊಡ್ಡಪ್ಪನ ಹಟ, ಗ್ಯಾಸು ಮುಟ್ಟಿದರೆ ಮನೆ ಹಾರಿಹೋಗುತ್ತದೆ ಎಂಬುದು ದೊಡ್ಡಮ್ಮನ ಭಯ. ಸಿಲಿಂಡರು ಖಾಲಿಯಾದ ವಾರ ಒಂದೇ ಒಲೆಗೆ ಎರಡು ಪಾತ್ರೆ ಕಾದು ನಿಲ್ಲುತ್ತಿದ್ದವು. ಅಮ್ಮನೂ ದೊಡ್ಡಮ್ಮನೂ ಬಾಯಿಬಿಟ್ಟು ಬೈದಾಡಿದ್ದು ಕಡಿಮೆ. ಒಬ್ಬರು ತಟ್ಟೆ ಕುಕ್ಕಿದರೆ ಇನ್ನೊಬ್ಬರು ತಪ್ಪಲೆ ಕುಕ್ಕುತ್ತಿದ್ದರು. ಆ ಸದ್ದು ಕೇಳಿಯೇ ನಾನು ಇವತ್ತು ಯಾರ ಸರದಿ ಎಂದು ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳಬಲ್ಲವಳಾಗಿದ್ದೆ. ಅಜ್ಜಿ ಮಾತ್ರ ತೊಟ್ಟಿಯ ಕಟ್ಟೆಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತ, ತನಗೆ ಕಿವಿಯೇ ಕೇಳಿಸದು ಎಂಬಂತೆ ಕೂತಿರುತ್ತಿದ್ದಳು. ಅಜ್ಜಿಯ ಕಿವಿ ಎಷ್ಟು ಚುರುಕು ಎನ್ನುವುದು ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆಯುತ್ತಿದ್ದ ನಮಗೆ ಚೆನ್ನಾಗಿ ಗೊತ್ತಿತ್ತು.

ದೊಡ್ಡಪ್ಪನ ಮಗ ರವಿಯಣ್ಣ ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದ. ಒಂದು ರಜಕ್ಕೆ ಬರುವಾಗ ಅವನ ಬ್ಯಾಗಿನಲ್ಲಿ ಜೆರಾಕ್ಸ್ ಮಾಡಿಸಿ ಬೈಂಡ್ ಹಾಕಿಸಿದ ದಪ್ಪ ಇಂಗ್ಲಿಷ್ ಪುಸ್ತಕವೊಂದಿತ್ತು. ಪರೀಕ್ಷೆಯ ಪುಸ್ತಕ ಎಂದು ದೊಡ್ಡಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟಿದ್ದಳು. ಅದು ಈ ಕತೆಯಾಟದ ಪುಸ್ತಕ. ಅದಕ್ಕೆ ಬೇಕಾದ ಬಹುಮುಖದ ದಾಳ ನಂಜನಗೂಡಿನಲ್ಲಿ ಎಲ್ಲಿ ಸಿಗಬೇಕು? ರವಿಯಣ್ಣ ತಂಬೋಲಾ ಡಬ್ಬದಿಂದ ಒಂದರಿಂದ ಇಪ್ಪತ್ತರವರೆಗಿನ ಬಿಲ್ಲೆಗಳನ್ನು ಆರಿಸಿ ಹಾರ್ಲಿಕ್ಸಿನ ಬಾಟಲಿಗೆ ಹಾಕಿದ. ಕುಲುಕಿ ಒಂದು ತೆಗೆಯುವುದು. ದೊಡ್ಡ ನಂಬರು ಬಂದರೆ ಗೆದ್ದೆ, ಚಿಕ್ಕದು ಬಂದರೆ ಹಳ್ಳಕ್ಕೆ ಬಿದ್ದೆ. ಆಡುವವರು ಗೀತಕ್ಕ ಮತ್ತು ನಾನು, ಇಬ್ಬರೇ. ಮಿಕ್ಕ ರಾಜ, ರಾಕ್ಷಸ, ಹೋಟೆಲಿನವನು, ಮಾತಾಡುವ ಮೊಸಳೆ ಎಲ್ಲವೂ ರವಿಯಣ್ಣನೇ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಗೀತಕ್ಕ ವೀರೆಯ ಪಾತ್ರ ಹಿಡಿದಾಗಿತ್ತು. ನನಗೆ ಉಳಿದದ್ದರಲ್ಲಿ ರವಿಯಣ್ಣ ಹಾಡುಗಾರ್ತಿಯನ್ನು ಕೊಟ್ಟ. ಅವಳು ಯುದ್ಧದಲ್ಲಿ ಏನು ಮಾಡುತ್ತಾಳೆ ಎಂದು ಕೇಳಿದೆ. ಹಾಡುತ್ತಾಳೆ ಎಂದ. ನಾನು ಅಲ್ಲೇ ಕೂತು ಗೊಳೋ ಎಂದು ಅತ್ತೆ.

ಅಜ್ಜಿ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟಳು.

“ಅದ್ಯಾಕಮ್ಮಿ ಅಳ್ತೀಯ? ತಂಬೂರಿ ಇಡ್ಕಂಡು ಪದ ಏಳ್ಕಂಡ್ ಬತ್ತಾರಲ್ಲ ನೀಲಗಾರ್ರು, ಅವರ್ನ ನೋಡಿಲ್ವಾ? ಅವರು ಬಂದ್ರೆ ಯಾವ ಮನೆಯೋರು ಕದ ಆಕ್ಕತಾರೆ ಏಳು? ಸುಗ್ಗೀಲಿ ಬಂದು ನಿಂತ್ರೆ ನಿಮ್ಮಜ್ಜ ಮೊರದ ತುಂಬ ಭತ್ತ ಇಕ್ಕೋರು. ನಿಮ್ಮಜ್ಜ ಬ್ಯಾರೆ ಯಾರಿಗೂ ಏನೂ ಕೊಟ್ಟೋರಲ್ಲ.”

“ಅಜ್ಜೀ, ನೀನು ಆಟದಲ್ಲಿಲ್ಲ,” ಎಂದ ರವಿಯಣ್ಣ.

“ನಾನಿಲ್ದೆ ಈ ಮನೇಲಿ ಯಾವ ಆಟ ನಡೀತದ್ಲಾ ಮಗ?”

ಅಳು ನಿಂತಿತು. ನೀಲಗಾರರ ಪದ ಕೇಳಲು ನಮ್ಮ ಬೀದಿಯ ಹೆಂಗಸರು ಒಲೆಯ ಮೇಲಿನ ಸಾರು ಮರೆತು ನಿಲ್ಲುತ್ತಿದ್ದದ್ದನ್ನು ನಾನೂ ನೋಡಿದ್ದೆ. ದೊಡ್ಡಪ್ಪನಂಥ ದೊಡ್ಡಪ್ಪನೇ ಹೆಗಲ ಮೇಲಿನ ಟವೆಲ್ ತೆಗೆದು ಕೆಳಗೆ ಕೂರುತ್ತಿದ್ದ. ಯಾರಿಗೂ ಹೊಡೆಯದೆ ಇಷ್ಟು ಜನರನ್ನು ಕೂರಿಸಬಹುದಾದರೆ ಹಾಡುಗಾರ್ತಿ ಆಗುವುದರಲ್ಲಿ ನಷ್ಟವಿಲ್ಲ ಎಂದು ನನ್ನ ಸಣ್ಣ ತಲೆಗೆ ತೋಚಿತು. ಮಧ್ಯಾಹ್ನದ ಊಟವಾಗಿ ದೊಡ್ಡವರು ಅಡ್ಡಾದ ಮೇಲೆ ಜಗಲಿಯಲ್ಲಿ ನಮ್ಮ ಆಟ ಶುರುವಾಗುತ್ತಿತ್ತು. ಅಜ್ಜಿ ಹೊಸಿಲಿನ ಒಳಗೆ ಗೋಡೆಗೆ ಒರಗಿ ತೂಕಡಿಸುವವಳಂತೆ ಕೂತು, ರಾಕ್ಷಸ ಬಂದಾಗ ಕಣ್ಣು ಬಿಡುತ್ತಿದ್ದಳು.

ಮೊದಲ ಗವಿಯಲ್ಲೇ ನಿಧಿ ಸಿಕ್ಕಿತು, ನಿಧಿಯ ಜೊತೆ ಜಗಳವೂ ಸಿಕ್ಕಿತು. ಮಾಯದ ಸಾಮಾನುಗಳ ಹೆಸರನ್ನು ರವಿಯಣ್ಣ ಒಂದೊಂದಾಗಿ ಓದಿದ. ಬೆಂಕಿಯ ಕತ್ತಿ. ಕೇಳಿದವರನ್ನು ನಿದ್ದೆ ಮಾಡಿಸುವ ತಂಬೂರಿ. ಹೊದ್ದರೆ ಕಾಣದ ಹಾಗಾಗುವ ಕಂಬಳಿ. ಎಲ್ಲ ಭಾಷೆಯೂ ಅರ್ಥವಾಗುವ ಕಿವಿಯೋಲೆ. ಏನು ಹಾಕಿದರೂ ತುಂಬದ, ಹೊತ್ತವರಿಗೆ ಭಾರವಾಗದ ಜೋಳಿಗೆ. ಹೊಡೆದರೆ ಬಂಡೆ ಸೀಳುವ ಬೆತ್ತ. ಗೀತಕ್ಕನಿಗೂ ಕತ್ತಿ ಬೇಕು, ನನಗೂ ಕತ್ತಿ ಬೇಕು. ಅವಳು ನನ್ನ ಜಡೆ ಹಿಡಿದಳು, ನಾನು ಅವಳ ಕೈ ಕಚ್ಚಿದೆ. ಅಜ್ಜಿ ಎದ್ದು ಬಂದು ಇಬ್ಬರನ್ನೂ ಬೇರೆ ಮಾಡಿದಳು.

“ದೊಡ್ಡೋಳು ಪಾಲು ಆಕ್ಲಿ, ಚಿಕ್ಕೋಳು ಮೊದ್ಲು ಎತ್ಕಳ್ಳಲಿ. ನಮ್ಮೋರಲ್ಲಿ ನಡ್ಕಂಡ್ ಬಂದಿರೋದೇ ಅಂಗೆ. ಪಾಲು ಆಕೋರು ಮೋಸ ಮಾಡಿದ್ರೆ ಮೋಸದ ಗುಪ್ಪೆ ಅವರಿಗೇ ಉಳೀತದೆ.”

ಇದು ಪುಸ್ತಕದ ನಿಯಮಕ್ಕಿಂತ ಚೆನ್ನಾಗಿದೆ ಎಂದು ರವಿಯಣ್ಣ ಒಪ್ಪಿಕೊಂಡ. ಗೀತಕ್ಕ ಮುಖ ಊದಿಸಿಕೊಂಡು ಎರಡು ಗುಪ್ಪೆ ಮಾಡಿದಳು. ಅವಳ ಜಾಣತನ ನೋಡಿ, ಕತ್ತಿಯನ್ನೂ ಕಂಬಳಿಯನ್ನೂ ಓಲೆಯನ್ನೂ ಒಂದು ಕಡೆ, ತಂಬೂರಿ, ಜೋಳಿಗೆ, ಬೆತ್ತಗಳನ್ನು ಇನ್ನೊಂದು ಕಡೆ ಇಟ್ಟಳು. ಬೆತ್ತ ಹೊಡೆದಾಟಕ್ಕೆ ಕತ್ತಿಯಷ್ಟೇ ಒಳ್ಳೆಯದು ಎಂದು ಅದನ್ನು ತಂಬೂರಿಯ ಕಡೆ ಹಾಕಿ ತಕ್ಕಡಿ ಸರಿ ಮಾಡಿದ್ದಳು. ನಾನು ಕತ್ತಿಯ ಗುಪ್ಪೆಯ ಕಡೆ ಕೈ ಚಾಚಿದೆ. ಹೊಸಿಲ ಒಳಗಿನಿಂದ ಕೆಮ್ಮು ಕೇಳಿಸಿತು.

“ಕತ್ತಿ ಇಡ್ಕಂಡು ಬಂದೋರ್ನ ಯಾರಾದ್ರೂ ಜಗಲಿ ಮ್ಯಾಲೆ ಕೂರುಸ್ಕಂಡು ಮುದ್ದೆ ಇಕ್ತಾರಾ? ಪದ ಏಳೋಳಿಗೆ ಮೊದ್ಲು ಜೋಳಿಗೆ ಬೇಕು. ಕೊಟ್ಟಿದ್ದ ಎಲ್ಲಿ ಆಕ್ಕತೀಯ? ಸೆರಗ್ನಲ್ಲಾ? ನೀನಿನ್ನೂ ಲಂಗ ಉಡೋಳು.”

ಅಜ್ಜಿಯ ಸಲಹೆ ಯಾವಾಗಲೂ ಸರಿಯಿರುತ್ತಿತ್ತು ಎಂದಲ್ಲ. ಅದೇ ದಿನ ಅವಳು ಕಾಣದ ಕಂಬಳಿಯನ್ನು ಗೀತಕ್ಕನಿಂದ ಇಸಿದುಕೊಂಡು ಹೋಟೆಲಿನವನ ಗಲ್ಲಾ ಕದಿಯಲು ನನಗೆ ಹೇಳಿಕೊಟ್ಟಿದ್ದಳು. ಮೊಸಳೆಯ ಬೆನ್ನ ಮೇಲೆ ಹೊಳೆ ದಾಟು ಎಂದು ಹೇಳಿ ನನ್ನ ಪ್ರಾಣ ಅರ್ಧ ತೆಗೆಸಿದವಳೂ ಅವಳೇ. ಆದರೂ ಅಂದು ನಾನು ಜೋಳಿಗೆಯ ಗುಪ್ಪೆ ಎತ್ತಿಕೊಂಡೆ, ಕತ್ತಿಯನ್ನು ನೋಡುತ್ತ ನೋಡುತ್ತ ಬಿಟ್ಟುಕೊಟ್ಟೆ. ಅದಾದ ಮೇಲೆ ಪ್ರತಿ ಗವಿಯಲ್ಲೂ ಏನಾದರೂ ಸಿಗುತ್ತಿತ್ತು, ಆದರೆ ಒಬ್ಬರು ಮೂರಕ್ಕಿಂತ ಹೆಚ್ಚು ಮಾಯದ ಸಾಮಾನು ಇಟ್ಟುಕೊಳ್ಳುವ ಹಾಗಿಲ್ಲ ಎಂದು ರವಿಯಣ್ಣ ಕಟ್ಟು ಹಾಕಿದ್ದ. ಹೊಸದು ಬೇಕಾದರೆ ಹಳೆಯದೊಂದನ್ನು ಬಿಡಬೇಕು. ಇದು ಪುಸ್ತಕದಲ್ಲಿತ್ತೋ ಅವನ ಸ್ವಂತದ್ದೋ ಇವತ್ತಿಗೂ ನನಗೆ ಗೊತ್ತಿಲ್ಲ. ಯಾವುದನ್ನು ಹಿಡಿಯಲಿ ಯಾವುದನ್ನು ಬಿಡಲಿ ಎಂದು ಸ್ಕೂಲಿನಲ್ಲಿ ಗಣಿತದ ಪಾಠ ನಡೆಯುವಾಗಲೂ ಯೋಚಿಸುತ್ತಿದ್ದೆ. ಸೀರೆ ಅಂಗಡಿಯಲ್ಲಿ ಕೂತಾಗ, ನೆಂಟಸ್ತಿಕೆ ಬಂದಾಗ, ಕೆಲಸ ಬದಲಿಸುವಾಗ ನಾನು ಇವತ್ತಿಗೂ ಹಾಗೆಯೇ ಯೋಚಿಸುತ್ತೇನೆ. ಇದನ್ನು ಹಿಡಿದುಕೊಂಡರೆ ಯಾರ ಜಗಲಿಯಲ್ಲಿ ಕೂರಬಹುದು ಎಂದು ಮೊದಲು ನೋಡುತ್ತೇನೆ.

ಇನ್ನೊಂದು ನಿಯಮವೂ ಇತ್ತು. ಮಾಯದ ಸಾಮಾನು ಸಿಕ್ಕ ಕೂಡಲೇ ಮಾತು ಕೇಳುವುದಿಲ್ಲ, ಅದರ ಜೊತೆ ಸುಮ್ಮನೆ ಕೂತು ಅದನ್ನು ಒಲಿಸಿಕೊಳ್ಳಬೇಕು. ಗೀತಕ್ಕ ಒಂದು ಕ್ಷಣ ಕಣ್ಣು ಮುಚ್ಚಿ, ಆಯಿತು ಎನ್ನುತ್ತಿದ್ದಳು. ನನ್ನ ವಿಷಯದಲ್ಲಿ ಅಜ್ಜಿ ಒಪ್ಪಲಿಲ್ಲ. ನಮ್ಮ ಮನೆಯಲ್ಲಿ ಹೊಸ ಕುಡುಗೋಲು ಬಂದರೂ, ದೊಡ್ಡಪ್ಪನ ಮೊಪೆಡ್ ಬಂದರೂ ಅರಿಶಿನ ಕುಂಕುಮ ಕಾಣದೆ ಕೆಲಸಕ್ಕಿಳಿದದ್ದಿಲ್ಲ. ಮಾಯದ ಸಾಮಾನಿಗೆ ಅದಕ್ಕಿಂತ ಕಡಿಮೆ ಮರ್ಯಾದೆಯೇ? ಮುಟ್ಟಿ ಪೂಜೆ ಮಾಡಲು ಏನಾದರೂ ಇರಬೇಕಲ್ಲ ಎಂದು ಅಜ್ಜಿ ಮನೆಯೆಲ್ಲ ಹುಡುಕಿದಳು. ಉದ್ದ ಹಿಡಿಯ ಚಿಪ್ಪಿನ ಸೌಟು ತಂಬೂರಿಯಾಯಿತು. ಅಪ್ಪನ ಹಳೆಯ ಬಟ್ಟೆ ಚೀಲ ಜೋಳಿಗೆಯಾಯಿತು. ಅಡುಗೆಮನೆಯ ಮುದ್ದೆ ಕೋಲು ಬಂಡೆ ಸೀಳುವ ಬೆತ್ತವಾಯಿತು. ಅಜ್ಜ ಹೋದ ಮೇಲೆ ಅಜ್ಜಿ ಕುಂಕುಮ ಮುಟ್ಟುತ್ತಿರಲಿಲ್ಲ. ಬಟ್ಟಲು ಹಿಡಿದುಕೊಂಡು ಪಕ್ಕದಲ್ಲಿ ನಿಂತು, ನನ್ನ ಕೈಯಲ್ಲಿ ಹಚ್ಚಿಸಿದಳು. ಆಮೇಲೆ ಮೂರನ್ನೂ ಬಿದಿರು ತಟ್ಟೆಯಲ್ಲಿಟ್ಟು ದೇವರ ಕೋಣೆಯ ಮೂಲೆಗೆ ಸೇರಿಸಿದಳು. ಮಾರನೆಯ ಬೆಳಿಗ್ಗೆ ಮುದ್ದೆ ಕೋಲು ಕಾಣದೆ ದೊಡ್ಡಮ್ಮ ಅಮ್ಮನನ್ನು ನೋಡಿದಳು, ಅಮ್ಮ ದೊಡ್ಡಮ್ಮನನ್ನು ನೋಡಿದಳು, ಪಾತ್ರೆಗಳು ಬಹಳ ಹೊತ್ತು ಕುಕ್ಕಿಸಿಕೊಂಡವು. ಅಜ್ಜಿ ಹೊಸ ಕೋಲು ಕೆತ್ತಿಸಿ ತರಿಸಿದಳೇ ಹೊರತು ಹಳೆಯದು ಎಲ್ಲಿದೆ ಎಂದು ಬಾಯಿ ಬಿಡಲಿಲ್ಲ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ಅಪ್ಪನಿಗೆ ಬಸ್ಸು ತಪ್ಪಿತು. ಸಿಲಿಂಡರು ಖಾಲಿಯಾಗಿತ್ತು, ಸೌದೆ ಒಲೆಯ ಮೇಲೆ ಮುದ್ದೆಯ ಎಸರು ಕೂತಿತ್ತು, ಡಬ್ಬಿ ಖಾಲಿ ಇತ್ತು. ಅಮ್ಮ ಮೊದಲ ಸಲ ಪಾತ್ರೆ ಕುಕ್ಕದೆ ಬಾಯಿಬಿಟ್ಟಳು. ದೊಡ್ಡಮ್ಮ ಅದಕ್ಕೆ ಉತ್ತರ ಕೊಟ್ಟಳು. ಹದಿನಾರು ಮಾತು ಒಳಗಿಟ್ಟುಕೊಂಡವರು ಒಂದು ಮಾತು ಹೊರಗೆ ಹಾಕಿದರೆ ಹಿಂದೆಯೇ ಮಿಕ್ಕವೆಲ್ಲ ಬರುತ್ತವೆ. ತೊಟ್ಟಿಯಲ್ಲಿ ಮುಖ ತೊಳೆಯುತ್ತಿದ್ದ ದೊಡ್ಡಪ್ಪ ಚೊಂಬು ಕೆಳಗಿಟ್ಟ.

“ಒಲೆ ಬ್ಯಾರೆ ಮಾಡ್ಕಬುಡವ ಕಣ್ಲಾ. ದಿನಾ ಈ ರಂಪ ಯಾಕೆ?”

“ಆಯ್ತು ಕಣಣ್ಣ, ನೀನ್ ಏಳ್ದಂಗೆ,” ಎಂದ ಅಪ್ಪ.

ಅಷ್ಟೇ. ಒಲೆ ಬೇರೆ ಎಂದದ್ದು ಒಂದು ವಾರದಲ್ಲಿ ಮನೆ ಬೇರೆ ಎಂದಾಯಿತು. ದಿನವೂ ಬಸ್ಸಿಗೆ ಓಡುವ ಬದಲು ಟಿ. ನರಸೀಪುರದಲ್ಲೇ ಬಾಡಿಗೆ ಮನೆ ಮಾಡುವುದು, ಮನೆಯ ಪಾತ್ರೆ ಪಡಗ ಇಬ್ಬರೂ ಹಂಚಿಕೊಳ್ಳುವುದು, ಹುಲ್ಲಹಳ್ಳಿ ತಾತ ಬಂದು ಮುಂದೆ ನಿಂತು ಮಾಡಿಸುವುದು ಎಂದು ಗೊತ್ತಾಯಿತು. ಹುಲ್ಲಹಳ್ಳಿ ತಾತ ಅಜ್ಜಿಯ ತಮ್ಮ. ನಮ್ಮ ಕಡೆ ಎಲ್ಲಿ ಪಾಲಾದರೂ ಬಿಳಿ ಪಂಚೆ ಉಟ್ಟು ಹೋಗಿ ಕೂರುತ್ತಿದ್ದ ಮನುಷ್ಯ. ಎಲ್ಲವೂ ಸುಸೂತ್ರವಾಗಿ ಮಾತಾಯಿತು, ಅಜ್ಜಿಯ ವಿಷಯ ಒಂದು ಬಿಟ್ಟು. ಅವ್ವ ನಮ್ಮ ಜೊತೆ ಬರಲಿ ಎಂದ ಅಪ್ಪ. ಹಿರಿಮಗ ನಾನಿರುವಾಗ ಅದು ಹೇಗೆ ಎಂದ ದೊಡ್ಡಪ್ಪ. ಕೊನೆಗೆ ಯಾರೋ ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಎಂದರು. ಇದನ್ನೆಲ್ಲ ಅಜ್ಜಿಯ ಎದುರಿಗೇ ಮಾತಾಡಿದರು. ಅಜ್ಜಿ ಕಾಯಿ ಸುಲಿಯುತ್ತಲೇ ಇದ್ದಳು. ನಾನು ಹುಟ್ಟಿದಾಗಿನಿಂದ ಅಜ್ಜಿಯ ಪಕ್ಕ ಮಲಗಿದವಳು. ಅವಳ ಸೀರೆಯ ಹೊಗೆಸೊಪ್ಪಿನ ವಾಸನೆ ಇಲ್ಲದೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ವರ್ಷದಲ್ಲಿ ಅರ್ಧ ಅಜ್ಜಿ ಇಲ್ಲದೆ ಇರುವುದು ಹೇಗೆ? ಮಿಕ್ಕ ಅರ್ಧ ಗೀತಕ್ಕ ಹೇಗಿರಬೇಕು?

ಪಾಲಿನ ಹಿಂದಿನ ದಿನ ಮಧ್ಯಾಹ್ನ ಕೊನೆಯ ಆಟ. ರವಿಯಣ್ಣ ನಮಗಾಗಿಯೇ ಮೈಸೂರಿನಿಂದ ಬಂದಿದ್ದ. ಅವತ್ತು ಅವನು ರಾಕ್ಷಸನನ್ನು ಬೇಗ ಸಾಯಿಸಿಬಿಟ್ಟ, ನಾವು ಹೊಡೆಯುವುದನ್ನೂ ಕಾಯಲಿಲ್ಲ. ನಿಧಿಯ ಬಾಗಿಲು ತೆಗೆದು, ಈ ಸಲ ಪಾಲು ಬೇಡ, ಪುಸ್ತಕದಲ್ಲಿರುವುದರಲ್ಲಿ ನಿಮಗೆ ಇಷ್ಟವಾದ ಒಂದೊಂದು ಎತ್ತಿಕೊಳ್ಳಿ ಎಂದ. ಗೀತಕ್ಕ ಯಾವುದೋ ಒಂದು ಉಂಗುರ ಎಂದಳು, ಅವಳಿಗೆ ಮನಸ್ಸಿರಲಿಲ್ಲ. ನಾನು ಪುಸ್ತಕವನ್ನೇ ತೊಡೆಯ ಮೇಲಿಟ್ಟುಕೊಂಡೆ.

“ರವಿಯಣ್ಣ, ಒಂದು ಮನೆ ಒಡೀದಂಗೆ ಮಾಡೋ ಸಾಮಾನು ಯಾವ ಪುಟದಲ್ಲಿದೆ?”

“ಅಂಥದ್ದಿಲ್ಲ ಕಣೇ ಸುಧಾ.”

“ಇಷ್ಟು ದಪ್ಪ ಪುಸ್ತಕದಲ್ಲಿ ಇಲ್ವಾ? ಮತ್ತೆ ನೀನೇ ಸೇರಿಸು. ಎಷ್ಟೊಂದು ನೀನೇ ಸೇರಿಸಿದೀಯ.”

“ಇದ್ದಿದ್ರೆ ನಾನೇ ಎತ್ಕೊಳ್ತಿದ್ದೆ,” ಎಂದು ರವಿಯಣ್ಣ ಮುಖ ಆ ಕಡೆ ತಿರುಗಿಸಿದ.

ಕಾಲೇಜು ಓದುವ ದೊಡ್ಡ ಗಂಡಸು ಕಣ್ಣೊರೆಸಿಕೊಂಡದ್ದನ್ನು ನಾನು ಅಂದೇ ಮೊದಲು ಕಂಡದ್ದು. ಗೀತಕ್ಕ ನನ್ನ ಕೈ ಹಿಡಿದುಕೊಂಡಳು. ಒಂದು ಕಾಲದಲ್ಲಿ ನಾನು ಕಚ್ಚಿದ್ದ ಕೈ ಅದು. ಮನೆ ನಿಲ್ಲಿಸುವ ಸಾಮಾನಿಲ್ಲವಾದರೆ ಅದಕ್ಕೆ ಹತ್ತಿರದ್ದು ಏನಿದೆ ಎಂದು ಬಹಳ ಹೊತ್ತು ನೋಡಿದೆವು. ಊದಿದರೆ ಎಷ್ಟು ದೂರದಲ್ಲಿದ್ದವರಿಗೂ, ಊದಿದವರ ಮಾತು ಪಕ್ಕದಲ್ಲೇ ನಿಂತು ಆಡಿದ ಹಾಗೆ ಕೇಳಿಸುವ ಕೊಂಬೊಂದು ಸಿಕ್ಕಿತು. ಆಗ ನಮ್ಮ ಎರಡು ಮನೆಗೂ ಫೋನ್ ಇರಲಿಲ್ಲ. ನಾನು ಬೆತ್ತವನ್ನು ಬಿಟ್ಟೆ. ಬಂಡೆ ಸೀಳುವ, ಎಲ್ಲ ಯುದ್ಧದಲ್ಲೂ ನನ್ನನ್ನು ಉಳಿಸಿದ್ದ ಬೆತ್ತ ಅದು. ಅದನ್ನು ಬಿಟ್ಟು ಕೊಂಬು ಹಿಡಿದೆ. ತಂಬೂರಿ, ಜೋಳಿಗೆ, ಕೊಂಬು. ಹೊಡೆದಾಡಲು ಈಗ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅಜ್ಜಿ ಎದ್ದು ಹೋಗಿ ಸೀಮೆಎಣ್ಣೆ ಸುರಿಯುವ ಹಿತ್ತಾಳೆಯ ಲಾಳಿಕೆಯನ್ನು ಹುಣಿಸೆಹಣ್ಣು ಹಾಕಿ ಬೆಳಗಿ ತಂದಳು. ಅರಿಶಿನ ಕುಂಕುಮ ಹಚ್ಚಿ ತಟ್ಟೆಯಲ್ಲಿಟ್ಟೆವು. ಮುದ್ದೆ ಕೋಲ್ನ ವಾಪಸ್ ಕೊಡಬೇಕಲ್ವಾ ಅಜ್ಜಿ ಎಂದು ಕೇಳಿದ್ದಕ್ಕೆ, ಇರಲಿ ಬಿಡು ಎಂದಳು.

ಬೆಳಿಗ್ಗೆ ಹುಲ್ಲಹಳ್ಳಿ ತಾತ ಬಂದ. ಮನೆಯ ಸಾಮಾನೆಲ್ಲ ತೊಟ್ಟಿಗೆ ಬಂತು. ಹಂಡೆ, ಕೊಳಗ, ಕೊಪ್ಪರಿಗೆ, ಇಡ್ಲಿ ಪಾತ್ರೆ, ರುಬ್ಬುಗುಂಡು, ಮಡಚುವ ಕುರ್ಚಿಗಳು. ಹಗಲು ಬೆಳಕಿನಲ್ಲಿ ಒಟ್ಟಿಗೆ ನೋಡಿದರೆ ಇಷ್ಟೇನಾ ನಮ್ಮ ಮನೆ ಎನಿಸಿತು. ದೊಡ್ಡಪ್ಪ ಹಿರಿಯವನು, ಅವನು ಗುಪ್ಪೆ ಹಾಕಬೇಕು. ಅಪ್ಪ ಕಿರಿಯವನು, ಅವನು ಮೊದಲು ಎತ್ತಿಕೊಳ್ಳಬೇಕು. ದೊಡ್ಡಪ್ಪ ಒಂದು ಚೊಂಬನ್ನು ಈ ಕಡೆ ಇಟ್ಟು, ಮತ್ತೆ ತೆಗೆದು ಆ ಕಡೆ ಇಟ್ಟು, ಆಮೇಲೆ ಸುಮ್ಮನೆ ಕೈಯಲ್ಲಿ ಹಿಡಿದು ನಿಂತ. ಅಪ್ಪ ಯಾವುದಾದರೇನು ಎಂದು ಗೋಡೆ ನೋಡುತ್ತಿದ್ದ. ಅಮ್ಮನೂ ದೊಡ್ಡಮ್ಮನೂ ಒಂದೇ ಕಂಬಕ್ಕೆ ಆಚೆ ಈಚೆ ಒರಗಿಕೊಂಡಿದ್ದರು. ಇಬ್ಬರ ಕಣ್ಣೂ ಊದಿದ್ದವು. ಈ ನಡುವೆ ಏನೂ ಉಳಿಯಬಾರದೆಂದು ದೇವರ ಕೋಣೆಯನ್ನೂ ನೋಡಲು ಹೋದ ತಾತ, ಬಿದಿರು ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಬಂದ.

“ಇದೇನಕ್ಕ ಇದು?”

ಅಜ್ಜಿ ಅವರೆಕಾಯಿಯ ಮೊರದಿಂದ ತಲೆ ಎತ್ತಲಿಲ್ಲ. ದೊಡ್ಡಮ್ಮ ಬಗ್ಗಿ ನೋಡಿದಳು.

“ಅಯ್ಯೋ, ನಮ್ ಮುದ್ದೆ ಕೋಲು! ಇದ್ಯಾಕೆ ಇಲ್ಲಿಗೆ ಬಂತು? ಲಾಳಿಕೆನೂ ಇಲ್ಲೇ ಅದೆ.”

“ಮುಟ್ಬ್ಯಾಡ ಕಣವ್ವ,” ಎಂದು ತಾತ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ. “ಅರಿಶಿನ ಕುಂಕುಮ ಬಿದ್ದದೆ. ಮೊದ್ಲು ಏನಾರಾ ಆಗಿರ್ಲಿ, ಈಗ ದೇವರ್ದಾಯ್ತು. ದೇವರ ಸಾಮಾನ ಪಾಲಿಗೆ ಆಕಂಗಿಲ್ಲ. ಎಲ್ಲಿದ್ದದೋ ಅಲ್ಲೇ ಇರ್ಲಿ, ಇಬ್ರಿಗೂ ಸೇರಿದ್ದು.”

ಲಾಳಿಕೆ, ಸೌಟು, ಮುದ್ದೆ ಕೋಲು, ಅಪ್ಪನ ಹರಕು ಚೀಲ ನಾಲ್ಕೂ ಮರ್ಯಾದೆಯಿಂದ ದೇವರ ಕೋಣೆಗೆ ವಾಪಸ್ಸು ಹೋದವು. ಬೇರೆ ದಿನವಾಗಿದ್ದರೆ ಗೀತಕ್ಕ ನಗು ತಡೆಯಲು ಬಾಯಿಗೆ ಲಂಗ ತುರುಕಿಕೊಳ್ಳುತ್ತಿದ್ದಳು. ಅವತ್ತು ನಮಗೆ ನಗು ಬರಲಿಲ್ಲ. ಅಂತೂ ದೊಡ್ಡಪ್ಪ ಎರಡು ಗುಪ್ಪೆ ಹಾಕಿ ಮುಗಿಸಿ ಹಿಂದೆ ಸರಿದು ನಿಂತ. ಎತ್ಕಳಪ್ಪ ಎಂದು ತಾತ ಅಪ್ಪನಿಗೆ ಹೇಳಿದ. ಅಪ್ಪ ಒಂದು ಹೆಜ್ಜೆ ಇಟ್ಟ. ಆಗ ಅಜ್ಜಿ ಮೊರ ಪಕ್ಕಕ್ಕಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದು, ಎರಡು ಗುಪ್ಪೆಗಳ ನಡುವೆ ಬಂದು ನಿಂತಳು.

“ನನ್ನ ಯಾವ ಗುಪ್ಪೆಗಪ್ಪ ಆಕಿರೋದು?”

“ಅವ್ವಾ, ಇದೇನ್ ಮಾತು?” ಎಂದ ದೊಡ್ಡಪ್ಪ.

“ಅಂಡೆ ಆ ಕಡೆ, ಕೊಪ್ಪರಿಗೆ ಈ ಕಡೆ. ನಾನು ಆರ್ ತಿಂಗ್ಳು ಆ ಕಡೆ, ಆರ್ ತಿಂಗ್ಳು ಈ ಕಡೆ. ಸರಿಯಾಗೇ ಆಕಿದೀಯ ಮಗ, ನಾನೇನು ಇಲ್ಲ ಅಂದ್ನಾ?”

ಅಜ್ಜಿ ನನ್ನ ಕಡೆ ತಿರುಗಿದಳು.

“ಕೂಸೇ, ಬಟ್ಲು ತಕ್ಕಂಬಾ. ನಂಗೂ ಒಸಿ ಕುಂಕುಮ ಇಡು. ನಾನೂ ಪಾಲಿಗೆ ಬರಲ್ಲ.”

ಇದು ಎಂಥ ಮಾತು ಎಂದು ಓದುವವರಿಗೆ ನಾನು ಹೇಳಬೇಕಾಗಿಲ್ಲ. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಅಕ್ಕಾ, ಬ್ಯಾಡ ಎಂದು ಹುಲ್ಲಹಳ್ಳಿ ತಾತ ಕೈ ಅಡ್ಡ ಮಾಡಿದ. ನನಗೆ ಅಷ್ಟೆಲ್ಲ ತಿಳಿಯದು. ಅಜ್ಜಿ ಹೇಳಿದಳು, ನಾನು ಬಟ್ಟಲು ತಂದೆ. ಅವಳು ನನ್ನ ಎತ್ತರಕ್ಕೆ ಬಗ್ಗಿದಳು. ಹಣೆಯ ಸುಕ್ಕಿನಲ್ಲಿ ಎಲ್ಲಿ ಇಡಬೇಕೆಂದು ತಿಳಿಯದೆ ಬೆರಳು ಒಂದು ಸಲ ಜಾರಿತು. ಎರಡನೇ ಸಲ ದುಂಡಗೆ ಕೂತಿತು. ಹಿಂದಿನಿಂದ ಒಂದು ವಿಚಿತ್ರ ಸದ್ದು ಕೇಳಿಸಿತು. ತಿರುಗಿ ನೋಡಿದರೆ ದೊಡ್ಡಪ್ಪ ಎರಡು ಗುಪ್ಪೆಗಳ ನಡುವೆ ನೆಲದ ಮೇಲೆ ಕೂತು ಅಳುತ್ತಿದ್ದ. ಅಪ್ಪ ಹೋಗಿ ಅಣ್ಣನ ಪಕ್ಕ ಕೂತ.

ಪಾಲು ನಿಲ್ಲಲಿಲ್ಲ. ಬಾಡಿಗೆ ಮನೆಗೆ ಮುಂಗಡ ಕೊಟ್ಟಾಗಿತ್ತು, ಬಸ್ಸಿನ ಹೊತ್ತೂ ಒಲೆಯ ಹೊತ್ತೂ ಬದಲಾಗುವಂತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಪ್ಪ ಹತ್ತಿರದ ಗುಪ್ಪೆ ಎತ್ತಿಕೊಂಡ, ವಾರದೊಳಗೆ ನಾವು ಟಿ. ನರಸೀಪುರಕ್ಕೆ ಹೋದೆವು. ಆರು ತಿಂಗಳ ಮಾತನ್ನು ಮಾತ್ರ ಯಾರೂ ಮತ್ತೆ ಎತ್ತಲಿಲ್ಲ. ಕುಂಕುಮ ಮಾರನೆಯ ದಿನದ ಸ್ನಾನದಲ್ಲಿ ತೊಳೆದುಹೋಯಿತು, ಅಜ್ಜಿ ಅದನ್ನು ಮತ್ತೆ ಇಟ್ಟುಕೊಳ್ಳಲಿಲ್ಲ. ಇಡುವ ಅಗತ್ಯವೂ ಬರಲಿಲ್ಲ. ಅವಳಿಗೆ ಬೇಕೆನಿಸಿದಾಗ ನಮ್ಮ ಮನೆಗೆ ಬರುತ್ತಿದ್ದಳು, ಬೇಸರವಾದ ದಿನ ಯಾರಿಗೂ ಹೇಳದೆ ನಂಜನಗೂಡಿನ ಬಸ್ಸು ಹತ್ತುತ್ತಿದ್ದಳು. ಕೆಲವು ಸಲ ಬೆಳಿಗ್ಗೆ ಅಲ್ಲಿ ಮುದ್ದೆ ಉಂಡು, ಸಂಜೆ ಇಲ್ಲಿ ನನ್ನ ಪಕ್ಕ ಮಲಗಿ, ಗೀತಕ್ಕ ಏನೇನು ಹೇಳಿ ಕಳಿಸಿದ್ದಳೋ ಎಲ್ಲ ಒಪ್ಪಿಸುತ್ತಿದ್ದಳು. ಕಂಡಕ್ಟರುಗಳೆಲ್ಲ ಅವಳಿಗೆ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದರು. ದೊಡ್ಡಮ್ಮ ಅವಳ ಕೈಯಲ್ಲಿ ಅಮ್ಮನಿಗೆ ಉಪ್ಪಿನಕಾಯಿ ಕಳಿಸತೊಡಗಿದಳು. ಒಂದೇ ಮನೆಯಲ್ಲಿದ್ದಾಗ ಆ ಜಾಡಿಯನ್ನು ಅವಳು ಅಮ್ಮನ ಕೈಗೆಟುಕದ ಕಡೆ ಇಡುತ್ತಿದ್ದಳು.

ಹೀಗೆ ಅವಳು ವರ್ಷಗಟ್ಟಲೆ ಓಡಾಡಿದಳು. ನಾನು ಕಾಲೇಜಿಗೆ ಸೇರಿದ ವರ್ಷ ಮೋಡ ಕವಿದ ಒಂದು ದಿನ ಬೆಳಿಗ್ಗೆ ನಂಜನಗೂಡಿನಲ್ಲಿ ಮಿಂದು, ಸೀರೆ ಒಗೆದು ಹಿತ್ತಿಲ ಹಗ್ಗಕ್ಕೆ ಹಾಕಿ ಬಸ್ಸು ಹತ್ತಿದಳು. ನಮ್ಮ ಮನೆಗೆ ಬಂದು, ಬಸ್ಸಿನ ಧೂಳು ಎಂದು ಉಟ್ಟಿದ್ದನ್ನೂ ಒಗೆದು ಇಲ್ಲಿಯ ಹಗ್ಗಕ್ಕೆ ಹಾಕಿದಳು. ಊಟ ಮಾಡಿ, ಒಸಿ ಅಡ್ಡಾಯ್ತೀನಿ ಕಣ್ ಕೂಸು ಎಂದು ಪಡಸಾಲೆಯಲ್ಲಿ ಮಲಗಿದವಳು ಏಳಲಿಲ್ಲ. ಅಪ್ಪ ಪಕ್ಕದ ಅಂಗಡಿಯಿಂದ ಫೋನ್ ಮಾಡಿದ. ದೊಡ್ಡಪ್ಪ ಬರುವ ಹೊತ್ತಿಗೆ ನಮ್ಮ ಹಗ್ಗದ ಮೇಲಿನ ಸೀರೆ ಇನ್ನೂ ಒಣಗಿರಲಿಲ್ಲ. ಅವನು ಅಜ್ಜಿಯ ಕಾಲ ಬಳಿ ಕೂತು ಕೈಚೀಲ ಬಿಚ್ಚಿದ. ನಂಜನಗೂಡಿನ ಹಗ್ಗದ ಮೇಲೆ ಅವಳು ಬೆಳಿಗ್ಗೆ ಹಾಕಿ ಬಂದಿದ್ದ ಸೀರೆಯನ್ನು ಮಡಿಸಿ ತಂದಿದ್ದ. ಅದೂ ಇನ್ನೂ ಹಸಿಯಾಗಿತ್ತು.